ಹರಿಗೋಲಿಗೆ ಹನ್ನೆರಡು ಗಂಟೆ ಯಾವ ಕಡೆ

ಜಬೀವುಲ್ಲಾ ತಂದ ಗಡಿಯಾರದ ಬೆನ್ನು ಬಿಚ್ಚಿದೆ.
ಚಕ್ರದ ಸುತ್ತ ಬಿಳಿ ಪುಡಿ.
ಮಂಡಿಪೇಟೆಯ ಈ ಗೂಡಿನಲ್ಲಿ ಕೂತು ಮೂವತ್ತೊಂದು ವರ್ಷ:
ಬೆವರು ಕಂಡಿದ್ದೇನೆ, ಅರಿಶಿನ ಕಂಡಿದ್ದೇನೆ,
ಮಂಡಕ್ಕಿ ಭಟ್ಟಿಯವರ ಕೈಗಡಿಯಾರದಲ್ಲಿ ಹೊಟ್ಟಿನ ಬೂದಿ,
ಒಮ್ಮೆ ಒಂದಿಡೀ ಇರುವೆ ಸಂಸಾರ.
ಇದು ಬೇರೆ. ಚಿಮಟದ ತುದಿಯಿಂದ
ನಾಲಗೆಗೆ ಮುಟ್ಟಿಸಿದೆ.
ಉಪ್ಪು.
"ಸಮುದ್ರ ಅದು, ಅಣ್ಣಾರ" ಅಂದ.

ಎರಡು ಬೇಸಿಗೆ ಐಸ್‌ಲ್ಯಾಂಡಿನ ಬಡಗಣ ತುದಿಯಲ್ಲಿ
ತಿಮಿಂಗಿಲ ತೋರಿಸುವ ದೋಣಿಗೆ ಅವನು ಅಡುಗೆಯವ.
ವಾಂತಿ ಮಾಡಿಕೊಂಡವರಿಗೆ ಶುಂಠಿ ಚಹಾ,
ಮಾಡಿಕೊಳ್ಳದವರಿಗೆ ಸೂಪು.
ರಾತ್ರಿ ಹನ್ನೊಂದಕ್ಕೂ ಬಿಸಿಲಂತೆ ಅಲ್ಲಿ.
(ಗಡಿಯಾರ ರಿಪೇರಿಯವನ ಹೊಟ್ಟೆಪಾಡೇನು ಆ ಊರಲ್ಲಿ,
ಕೇಳಲಿಲ್ಲ, ಅಂದುಕೊಂಡೆ.)

"ಹೆಂಗಿರ್ತದೋ ಅದು?"
"ಪೂರ್ತಿ ಯಾರೂ ನೋಡಿಲ್ಲಣ್ಣ. ಮೊದಲು ಉಸಿರು.
ಹರಿಹರದ ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಾಗ
ಫುಸ್ಸ್ ಅಂತದಲ್ಲ, ಹಂಗೆ.
ಆಮೇಲೆ ವಾಸನೆ. ಅದು ಹೇಳಂಗಿಲ್ಲ.
ಆಮೇಲೆ ಒಂದು ಬೆನ್ನು. ಬೆನ್ನು, ಬೆನ್ನು, ಮುಗಿಯದ ಬೆನ್ನು.
ಕೊನೆಗೆ ಬಾಲ, ಬಾಗಿಲು ಹಾಕಿಕೊಂಡಂಗೆ."

"ಕಾಣದಿದ್ದರೆ?"
"ಇನ್ನೊಂದು ದಿನ ಬಿಟ್ಟಿ ಕರಕೊಂಡು ಹೋಗ್ತಾರೆ."
ನನ್ನ ಬೋರ್ಡಿನಲ್ಲೂ ಬರೆಸಿದ್ದೇನೆ, ಆರು ತಿಂಗಳ ಗ್ಯಾರಂಟಿ.
ಆದರೆ ಕಾಣುವುದಕ್ಕೆ ಗ್ಯಾರಂಟಿ ಕೊಡುವವರುಂಟು ಅಂತ
ಅವತ್ತೇ ಗೊತ್ತಾದದ್ದು.

ಭಾನುವಾರ ಚನ್ನಗಿರಿ ಬಸ್ಸು ಹತ್ತಿ ಸೂಳೆಕೆರೆಗೆ ಹೋದೆವು.
ದುರುಗಮ್ಮ ಬಲೆ ಎತ್ತಿಟ್ಟು ಹರಿಗೋಲು ನೂಕಿದಳು.
ಆಚೆ ದಡದ ಗುಡ್ಡಕ್ಕೆ ಮಾಗಿಯ ಮಂಜು ಇನ್ನೂ ಅಂಟಿತ್ತು.
"ಮೂರು ಗಂಟೆ!" ಅಂತ ಕೂಗಿದ ಜಬೀವುಲ್ಲಾ.
ನಾನು ಕೈ ನೋಡಿಕೊಂಡೆ.
"ಅದಲ್ಲ ಅಣ್ಣಾರ, ದೋಣಿ ಮೂತಿ ಹನ್ನೆರಡು,
ಬಲಗಡೆ ಮೂರು, ಬೆನ್ನಿಗೆ ಆರು.
ದೋಣಿಯವರ ಲೆಕ್ಕ ಅದು. ನೋಡ್ರಿ, ರೀವ!"

ತಿರುಗುವಷ್ಟರಲ್ಲಿ ಹರಿಗೋಲೂ ತಿರುಗಿತು,
ಮೂರರ ಹಕ್ಕಿ ಒಂಬತ್ತಕ್ಕೆ ಹೋಯಿತು,
ಒಂಬತ್ತರ ಗುಡ್ಡ ಹನ್ನೆರಡಕ್ಕೆ ಬಂದು ನಿಂತಿತು.
ಹುಟ್ಟು ಹಾಕುತ್ತಾ ದುರುಗಮ್ಮ ಕೇಳಿದಳು,
"ಮೊರಕ್ಕೆ ಮೂತಿ ಎಲ್ಲೈತೆ ಸಾಬರೇ?"

ನಕ್ಕ. ಆಮೇಲೆ ನಗಲಿಲ್ಲ.
ಕೆಂಪು ಕೊಕ್ಕಿನ ಗಿಡ್ಡ ಹಕ್ಕಿಗಳ ಸುದ್ದಿ ತೆಗೆದ,
ಮೀನು ಅಡ್ಡಡ್ಡ ಕಚ್ಚಿಕೊಂಡು
ಮದುವೆಗೆ ತಡವಾದ ಬ್ಯಾಂಡ್‌ಸೆಟ್ಟಿನವರ ಹಾಗೆ
ನೀರ ಮೇಲೆ ರೆಕ್ಕೆ ಬಡಿದು ಧಾವಿಸುತ್ತಿದ್ದವಂತೆ.
ಅಡುಗೆಮನೆಯ ಕಿಟಕಿ ಅಂಗೈಯಗಲ.
ಮೇಲೆ ಎಲ್ಲರೂ "ಓ" ಅಂದಾಗ
ಇವನ ಕೈಯಲ್ಲಿ ಕುದಿಯುವ ಪಾತ್ರೆ.
"ಎರಡು ಬೇಸಿಗೆಗೆ ಎಷ್ಟು ಬಾಲ ನೋಡಿದ್ಯೋ?"
ಬೆರಳು ಎಣಿಸಿದ. ಒಂದೇ ಕೈ ಸಾಕಾಯಿತು.
"ಉಸಿರು ಮಾತ್ರ ದಿನಾ ಕೇಳಿಸ್ತಿತ್ತು."

ಅಷ್ಟರಲ್ಲಿ ಒಂದು ನೀರುಕಾಗೆ
ನಮ್ಮ ಮುಂದೆಯೇ (ಹನ್ನೆರಡೋ, ಆರೋ)
ಕತ್ತು ಬಗ್ಗಿಸಿ ಮುಳುಗಿತು.
ದುರುಗಮ್ಮ ಹುಟ್ಟು ಎತ್ತಿ ತೊಡೆಯ ಮೇಲಿಟ್ಟಳು.
ಮೂವರೂ ಉಸಿರು ಹಿಡಿದೆವು,
ಹಕ್ಕಿಯೇನೋ ನಮ್ಮ ಎದೆಯಿಂದಲೇ
ಗಾಳಿ ಎಳೆದುಕೊಳ್ಳುತ್ತಿದ್ದ ಹಾಗೆ.
ನೀರು ಬಿದಿರ ಹೆಣಿಗೆಯ ಕೆಳಗೆ ಚಳಕ್ ಚಳಕ್.
"ಎರಡು ಗಂಟೆಗೆ ಏಳ್ತದೆ" ಅಂದ ಜಬೀವುಲ್ಲಾ, ಪಿಸುಮಾತಲ್ಲಿ.
"ಅಗೋ ಆ ಜೊಂಡಿನ ಹತ್ರ" ಅಂದಳು ದುರುಗಮ್ಮ.
ನಾನು ಏನೂ ಅನ್ನಲಿಲ್ಲ.
ಬಾಲದ ಆ ಬಾಗಿಲ ಹಿಂದೆ ಎಷ್ಟು ಹೊತ್ತು ಇರುತ್ತದೆ ಅದು,
ಕೇಳಲು ಮರೆತಿದ್ದೆ.

ಎದ್ದದ್ದು ನಮ್ಮಿಬ್ಬರ ಬೆನ್ನಿಗೆ.
ಕೊಕ್ಕಿನಲ್ಲಿ ಬೆಳ್ಳಿ ಮೀನು, ಒದ್ದಾಡುತ್ತಾ.
ನೋಡಿದವಳು ದುರುಗಮ್ಮ ಒಬ್ಬಳೇ.
"ಎಷ್ಟು ಗಂಟೆ, ಎಷ್ಟು ಗಂಟೆ?" ಅಂದ ಇವನು,
ಹರಿಗೋಲು ಮಗುಚುವ ಹಾಗೆ ತಿರುಗುತ್ತಾ.
ನಾನು ಕೈ ನೋಡಿಕೊಂಡು ಹೇಳಿದೆ:
ಹತ್ತೂ ನಲವತ್ತು.